ನಾನು ಕಾರು ಎತ್ತಿದ್ದು

ನಾನು ಡ್ರಾಯಿಂಗ್ ಮಾಸ್ತರ. ಎಪ್ಪತ್ತರ ದಶಕದಲ್ಲಿ ಬಿಜಾಪುರದ ಅಥಣಿ ರಸ್ತೆಯಲ್ಲಿ ನಮ್ಮ ಮನೆ. ಸುತ್ತ ಮನೆಗಳಿಗಿಂತ ಜೋಳದ ಹೊಲಗಳೇ ಹೆಚ್ಚು. ಸೋದರಮಾವ ವ್ಯಾಪಾರ ಬಿಟ್ಟಾಗ ತನ್ನ ಹಳೆಯ ಕಾರನ್ನು ನನಗೆ ಕೊಟ್ಟಿದ್ದ. ಇಡೀ ಓಣಿಗೆ ಅದೊಂದೇ ಕಾರು. ಹಾಗಾಗಿ ನನಗೆ ಸ್ವಲ್ಪ ಗತ್ತು ಇತ್ತು. ಸ್ವಲ್ಪ ಅಂದೆನೆ? ಬಹಳವೇ ಇತ್ತು!

ಆ ಸಲ ನನ್ನ ಹೆಂಡತಿ ಶಾಂತಾಳ ತಂಗಿ ತುಂಬು ಬಸುರಿ. ಹೆರಿಗೆಗೆಂದು ಅವಳನ್ನು ಬಬಲೇಶ್ವರದಿಂದ ನಮ್ಮ ಮನೆಗೆ ಕರೆತರಬೇಕಿತ್ತು. ಬಸ್ಸಿನ ಕುಲುಕಾಟ ಬೇಡವೆಂದು ಮಾವನವರು, ಅಂದರೆ ಶಾಂತಾಳ ಅಪ್ಪ, ನಮ್ಮ ಕಾರನ್ನು ನಂಬಿದ್ದರು. ಆದರೆ ಕಾರಿನ ಹಿಂಬದಿಯ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಕಮಾನು, ಮುರಿದಿತ್ತು. ಬಸ್ಸು ಕುಲುಕುತ್ತಿದ್ದರೆ ನಮ್ಮ ಕಾರು ಕುಣಿಯುತ್ತಿತ್ತು!

ಹೊಸ ಪಾಟಾ ತಂದಿಟ್ಟೆ. ಹೊರಡುವ ಹಿಂದಿನ ದಿನ ರವಿವಾರ. ಬೆಳಿಗ್ಗೆ ಕೂತು, ಕಾರನ್ನು ಎತ್ತುವ ಕ್ರಮವನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಬಿಡಿಸಿ ಗೋಡೆಗೆ ಅಂಟಿಸಿದೆ. ಶಾಂತಾ ಅದನ್ನು ನೋಡಿದಳು.

"ಹುಸೇನ್ ಕಾಕಾ ಜೀಪ್ ತಗೊಂಡು ತಿಕೋಟಾಕ ಹೋಗ್ಯಾರ. ಮಧ್ಯಾಹ್ನ ಬರ್ತಾರ. ಅಲ್ಲೀತನಕ ಸುಮ್ನ ಕುಂದರ್ರಿ."

ಹುಸೇನ್ ಕಾಕಾ ನಮ್ಮ ಪಕ್ಕದ ಮನೆಯವರು. ಬಾಡಿಗೆ ಜೀಪು ಓಡಿಸುತ್ತಿದ್ದರು, ರಿಪೇರಿಯಲ್ಲೂ ಪಳಗಿದವರು.

"ಜಾಕ್ ಹಚ್ಚಾಕ ಕಾಕಾ ಯಾಕ ಬೇಕು? ನಾ ಸಾಲ್ಯಾಗ ಎಂಜಿನ್ನಿನ ಚಿತ್ರಾನ ಬರಸ್ತೀನಿ!"

"ಚಿತ್ರದಾಗಿನ ಕಾರು ಯಾರ ಮ್ಯಾಲೂ ಬೀಳಂಗಿಲ್ರಿ."

ಇಂಥ ಮಾತಿಗೆ ಉತ್ತರಿಸುವುದು ಕಲಾವಿದನಿಗೆ ಶೋಭೆಯಲ್ಲ. ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಅಂಗಳಕ್ಕಿಳಿದೆ.

ನಮ್ಮ ಅಂಗಳ ಕರಿ ಎರಿಮಣ್ಣು. ಶಾಂತಾ ಆಗಷ್ಟೇ ನೀರು ಹೊಡೆದಿದ್ದಳು. ಕಾರಿನ ಹಿಂಬದಿಗೆ ಜಾಕ್ ಇಟ್ಟು ಹಿಡಿಕೆ ತಿರುಗಿಸಿದೆ. ತಿರುಗಿಸಿದೆ, ಮತ್ತೂ ತಿರುಗಿಸಿದೆ. ಕಾರು ಏರಲಿಲ್ಲ. ಜಾಕ್ ಇಳಿಯಿತು!

"ಅಯ್ಯ, ಬಾವಿ ತೋಡಾಕತ್ತೀರೇನು?" ಶಾಂತಾ ಬಾಗಿಲಲ್ಲಿ ನಿಂತು ಕೇಳಿದಳು.

ಜಾಕಿನ ಅಡಿಗೆ ಅಗಲವಾದದ್ದೇನಾದರೂ ಬೇಕಿತ್ತು. ಅವಳು ಹಿತ್ತಲಿಗೆ ಹೋದದ್ದೇ ತಡ, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆ ತಂದು ಬೋರಲು ಹಾಕಿದೆ. ಅದು ಅವಳ ಅವ್ವ ಕೊಟ್ಟದ್ದು. ಜಾಕ್ ಈಗ ಭದ್ರವಾಗಿ ನಿಂತಿತು. ಕಾರು ಎದ್ದಿತು! ಗಾಲಿಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಅಂಗಿ ಕಳಚಿ, ಬನಿಯನ್ನಿನಲ್ಲಿ, ಅಂಗಾತ ಮಲಗಿ ಕಾರಿನ ಕೆಳಗೆ ತೂರಿದೆ.

ಅಡಿಯಲ್ಲಿ ಮಲಗಿದಾಗ ಎಲ್ಲೋ "ಕಿರ್" ಎಂದಿತು. ಹಳೇ ಗಾಡಿ, ನರಳುತ್ತದೆ ಅಂದುಕೊಂಡೆ.

"ರೀ, ಹೊರಗ ಬರ್ರಿ!" ಶಾಂತಾಳ ಧ್ವನಿ.

"ಕೆಲಸ ನಡದೈತಿ."

"ಚಾ ಆಗೇತಿ, ಬರ್ರಿ."

"ಅಲ್ಲೇ ಇಡು."

ಆಮೇಲೆ ಶಾಂತಾ ಗಟ್ಟಿಯಾಗಿ, "ಯಪ್ಪಾ, ಯಾವಾಗ ಬಂದಿ? ಬಾ, ಒಳಗ ಬಾ!" ಅಂದಳು.

ಮಾವನವರು! ಬನಿಯನ್ನಿನಲ್ಲಿ ನಾನು! ಹಾವಿನ ಹಾಗೆ ಹರಿದು ಹೊರಬಂದು, ಎದ್ದು, ಅಂಗಿಗೆ ಕೈಚಾಚಿದೆ. ಬೆನ್ನ ಹಿಂದೆ ಕೊಣಮಿಗೆ ಫಳಾರನೆ ಎರಡು ಹೋಳಾಯಿತು. ಜಾಕ್ ವಾಲಿತು. ಕಾರು ಮೊಳದಷ್ಟು ಹಿಂದೆ ಸರಿದು ಧೊಪ್ಪನೆ ಕೂತಿತು. ನನ್ನ ತಲೆಯಿದ್ದ ಜಾಗದಲ್ಲಿ ಗೇಣು ಸಂದೂ ಉಳಿದಿರಲಿಲ್ಲ.

ಅಂಗಳದಲ್ಲಿ ಮಾವನವರು ಇರಲಿಲ್ಲ. ಶಾಂತಾ ಒಬ್ಬಳೇ ಇದ್ದಳು, ಮುಖ ಬಿಳಿಚಿತ್ತು.

"ಕೊಣಮಿಗಿ ಬಿರಕ ಬಿಡೂದು ಕಂಡ್ತು," ಅಂದಳು. "ನಾ ಕರದ್ರ ನೀವು ಬರಂಗಿಲ್ಲ. ಅಪ್ಪ ಅಂದ್ರ ಬರ್ತೀರಿ." ಅಷ್ಟು ಹೇಳಿ ಕಟ್ಟೆಯ ಮೇಲೆ ಕುಸಿದು ಅತ್ತಳು. ನಾನು ಅವಳ ಪಕ್ಕ ಕೂತು, ಆರಿಹೋದ ಚಹಾ ಕುಡಿದೆ. ಅಷ್ಟು ರುಚಿಯಾದ ಚಹಾ ಮತ್ತೆಂದೂ ಕುಡಿದಿಲ್ಲ.

ಮಧ್ಯಾಹ್ನ ಹುಸೇನ್ ಕಾಕಾ ಬಂದರು. ನೆಲ ನೋಡಿದರು, ಕಾರು ನೋಡಿದರು, ಗೋಡೆಯ ಚಿತ್ರ ನೋಡಿದರು.

"ಮಾಸ್ತರ, ಚಿತ್ರದಾಗ ಮುಂದಿನ ಗಾಲಿಗೆ ಕಲ್ಲು ಕೊಟ್ಟೀರಿ. ಅಂಗಳದಾಗ ಎಲ್ಲದಾವ?"

ಕಲ್ಲುಗಳನ್ನು ನಾನು ಬಹಳ ಚೆನ್ನಾಗಿ ಬಿಡಿಸಿದ್ದೆ, ನೆರಳು ಸಹಿತ. ಇಡುವುದನ್ನು ಮರೆತಿದ್ದೆ!

ಕಾಕಾ ಮೊದಲು ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಜಾಕಿನ ಅಡಿಗೆ ದಪ್ಪ ಹಾಸುಗಲ್ಲು ಹಾಕಿದರು. ಕಾರು ಎದ್ದ ಮೇಲೆ ಕಾರಿನ ಅಡಿಚೌಕಟ್ಟಿನ ಕೆಳಗೆ ಎರಡು ಬೇವಿನ ದಿಮ್ಮಿ ಇಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಿದರು. ಭುಜ ಕೊಟ್ಟು ನೂಕಿ ನೋಡಿದರು. ಕಾರು ಅಲುಗಲಿಲ್ಲ. ಆಮೇಲೆಯೇ ಕೆಳಗೆ ತೂರಿ ಹೊಸ ಪಾಟಾ ಕೂರಿಸಿದರು.

"ಜಾಕ್ ಇರೋದು ಎತ್ತಾಕ ರೀ ಮಾಸ್ತರ. ಹೊತಗೊಂಡು ನಿಂದ್ರಾಕಲ್ಲ."

ಹುಸೇನ್ ಕಾಕಾ ಈಗಿಲ್ಲ. ಆ ಹೊಲಗಳೂ ಇಲ್ಲ, ಎಲ್ಲ ಮನೆಗಳಾಗಿವೆ. ಆದರೆ ಅವರ ಆ ಮಾತು ನನ್ನ ಕಿವಿಯಲ್ಲೇ ಇದೆ. ಮರುದಿನ ಅವರೇ ಕಾರು ಓಡಿಸಿ ಶಾಂತಾಳ ತಂಗಿಯನ್ನು ಕರೆತಂದರು. ದಾರಿಯುದ್ದಕ್ಕೂ ಅವಳು ನಿದ್ದೆ ಮಾಡಿದಳಂತೆ.

ಆ ಮಧ್ಯಾಹ್ನ ನನಗೂ ಒಂದು ಕೆಲಸ ಸಿಕ್ಕಿತ್ತು. ಗಾಲಿಯ ನಟ್ಟುಗಳನ್ನು ಶಾಂತಾ ನನ್ನ ಕೈಗೆ ಕೊಟ್ಟು, "ಇವನ್ನ ಹಿಡಕೊಂಡು ಹೊರಸಿನ ಮ್ಯಾಲ ಕುಂದರ್ರಿ, ಏಳಬ್ಯಾಡ್ರಿ" ಅಂದಿದ್ದಳು. ನಾನು ಆ ಹಗ್ಗದ ಮಂಚದ ಮೇಲೆ ಶ್ರದ್ಧೆಯಿಂದ ಕೂತೆ. ಕೊನೆಗೆ ಗಾಲಿ ಹಾಕುವಾಗ ಎಣಿಸಿದರೆ ಒಂದು ನಟ್ಟು ಕಡಿಮೆ! ಕಾಕಾ ಕಾರಿನ ಅಡಿ ಹುಡುಕಿದರು. ಶಾಂತಾ ಕಸಬರಿಗೆ ತಂದು ಅಂಗಳವನ್ನೇ ಗುಡಿಸಿದಳು. ಅರ್ಧ ತಾಸು ಕಳೆಯಿತು. ಇಷ್ಟು ಬೇಜವಾಬ್ದಾರಿ ಯಾರದ್ದೆಂದು ಗದರಿ, ನಾನೂ ಹುಡುಕಲು ಎದ್ದು ನಿಂತೆ.

ಎದ್ದ ಕೂಡಲೇ ನಟ್ಟು ಸಿಕ್ಕಿತು.