ಪಂಪಿನ ಕಾವಲು

ಪಂಪನ್ನು ನಿಲ್ಲಿಸುವವರು ಹತ್ತು ಜನ, ಮತ್ತೆ ಚಾಲೂ ಮಾಡುವವರು ಒಬ್ಬರೂ ಇಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಆಹಾರ ಗೊತ್ತು ಮಾಡುವ ಡಯಟ್ ಸರ್ ಪಡುತ್ತಿದ್ದ ಪಾಡಿಗೆಲ್ಲ ಇದೇ ಮೂಲ.

ಐಸಿಯುವಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ದರ್ಜಿ ಮಲಗಿದ್ದ. ನ್ಯುಮೋನಿಯಾ. ಉಸಿರಿಗೆ ಬಾಯಲ್ಲೊಂದು ನಳಿಗೆ, ಊಟಕ್ಕೆ ಮೂಗಲ್ಲೊಂದು. ಮೈಗೆ ಶಕ್ತಿ ಬಂದರೆ ಬಾಯಿಯ ನಳಿಗೆ ತೆಗೆಯೋಣವೆಂದು ದೊಡ್ಡ ಡಾಕ್ಟರು ಹೇಳಿದ್ದರು. ಶಕ್ತಿ ಬರಲು ಊಟ ಒಳಗೆ ಹೋಗಬೇಕಲ್ಲ! ಡಯಟ್ ಸರ್ ಗೊತ್ತು ಮಾಡಿದ ದ್ರವಾಹಾರ ಪಂಪಿನಿಂದ ದಿನವಿಡೀ ತೊಟ್ಟಿಕ್ಕಬೇಕು. ಆದರೆ ಮೈ ಒರೆಸಲು ನರ್ಸ್ ಅದನ್ನು ನಿಲ್ಲಿಸುತ್ತಿದ್ದಳು, ಎಕ್ಸ್‌ರೇಯವನು ನಿಲ್ಲಿಸುತ್ತಿದ್ದ, ಫಿಸಿಯೋ ನಿಲ್ಲಿಸುತ್ತಿದ್ದ. ಮತ್ತೆ ಒತ್ತುವುದು ಇನ್ನೊಬ್ಬರ ಕೆಲಸವೆಂದು ಪ್ರತಿಯೊಬ್ಬರಿಗೂ ಖಾತ್ರಿ. ಸಂಜೆ ನೋಡಿದರೆ ಆಹಾರದ ಚೀಲ, ಉಂಡು ಮಲಗಿದ ಅಳಿಯನ ಹೊಟ್ಟೆಯಂತೆ, ಹಾಗೇ ಉಬ್ಬಿಕೊಂಡಿರುತ್ತಿತ್ತು.

ಇವತ್ತು ಡಯಟ್ ಸರ್ ಸ್ಟೂಲ್ ಎಳೆದುಕೊಂಡು ಪಂಪಿನ ಪಕ್ಕದಲ್ಲೇ ಕೂತುಬಿಟ್ಟ.

ಬೆಳಗ್ಗೆ ತಮ್ಮನನ್ನು ನೋಡಲು ಬಂದ ದರ್ಜಿಯ ಅಕ್ಕ, ಸಲೈನ್ ಕಂಬದಷ್ಟೇ ಸಪೂರವಾಗಿದ್ದ ಈತನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ತಮ್ಮನ ಊಟ ನೋಡ್ಕೊಳ್ಳೋನು ನೀನೇನಾ? ನಿಂಗೇ ಯಾರೂ ಊಟ ಹಾಕೋ ಹಾಗೆ ಕಾಣಲ್ವಲ್ಲಪ್ಪಾ!"

"ಪಂಪ್ ಓಡಿದ್ರೆ ನಿಮ್ ತಮ್ಮ ದಪ್ಪ ಆಗ್ತಾರಮ್ಮ."

"ಯಾವ್ದು ಒತ್ತಿದ್ರೆ ಓಡತ್ತೆ?"

"ಈ ಹಸಿರು ಗುಂಡಿ. ನಿಮಗಿರೋ ಆಸಕ್ತಿ ಇಲ್ಲಿ ಯಾರಿಗಾದ್ರೂ ಇದೆಯಾ ನೋಡಿ!" ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

ಎಕ್ಸ್‌ರೇಯವನು ಪಂಪ್ ನಿಲ್ಲಿಸಲು ಕೈಚಾಚಿದ. ಡಯಟ್ ಸರ್ ಗುರುಗುಟ್ಟಿದ. ನಿಲ್ಲಿಸಲೇಬೇಕಾದಾಗ ತಾನೇ ನಿಲ್ಲಿಸಿ, ಕೆಲಸ ಮುಗಿದ ತಕ್ಷಣ ತಾನೇ ಒತ್ತಿದ. ಫಿಸಿಯೋ, "ಹಂಗಾದ್ರೆ ವ್ಯಾಯಾಮನೂ ನೀವೇ ಮಾಡಿಸ್ಬಿಡಿ" ಎಂದು ಮುಖ ಊದಿಸಿಕೊಂಡ. ಊಟದ ಹೊತ್ತು ಮೀರಿತು. ತೊಡೆಯ ಮೇಲಿದ್ದ ಬುತ್ತಿ ತಣ್ಣಗಾಯಿತು. ಬಿಚ್ಚಲು ಧೈರ್ಯವಿಲ್ಲ, ಆ ಗಳಿಗೆಯಲ್ಲೇ ಯಾರಾದರೂ ಪಂಪ್ ನಿಲ್ಲಿಸಿಬಿಟ್ಟರೆ?

ನರ್ಸ್ ಬಂದಳು. "ಸರ್, ದೊಡ್ಡ ಡಾಕ್ಟ್ರು ಪಂಪ್..."

"ಪಂಪ್ ಸುದ್ದಿ ಎತ್ತಬೇಡಿ ಸಿಸ್ಟರ್!"

"ಅಲ್ಲ ಸರ್, ಅವ್ರೇ..."

"ಒಂದು ಮಾತೂ ಬೇಡ!"

"ಏನಾದ್ರೂ ಮಾಡ್ಕೊಳ್ಳಿ" ಎಂದು ಅವಳು ಹೊರಟೇಹೋದಳು.

ಸಂಜೆ ದೊಡ್ಡ ಡಾಕ್ಟರು ಬಂದಾಗ ಚೀಲ ಹೆಚ್ಚುಕಮ್ಮಿ ಖಾಲಿ. ಡಯಟ್ ಸರ್ ಪದಕಕ್ಕೆ ಕೊರಳೊಡ್ಡುವವನಂತೆ ಎದ್ದು ನಿಂತ.

"ಇದ್ಯಾಕ್ರೀ ಇನ್ನೂ ಓಡ್ತಿದೆ?" ಡಾಕ್ಟರು ಕಿರುಚಿದರು. "ಬಾಯಿಂದ ನಳಿಗೆ ಈಗ ತೆಗೀಬೇಕಿತ್ತು! ಹೊಟ್ಟೆ ಖಾಲಿ ಇರ್ಲಿ, ಮಧ್ಯಾಹ್ನವೇ ನಿಲ್ಸಿ ಅಂತ ಹೇಳಿ ಕಳಿಸಿದ್ನಲ್ಲ!"

ನರ್ಸ್ ಚಾವಣಿ ನೋಡಿದಳು. ಡಯಟ್ ಸರ್ ನೆಲ ನೋಡಿದ.

"ಇನ್ನು ಬೆಳಗ್ಗೆನೇ ತೆಗೆಯೋದು. ಅಲ್ಲಿವರೆಗೂ ಒಂದು ತೊಟ್ಟೂ ಹೋಗ್ಕೂಡದು. ನೀವೇ ಜವಾಬ್ದಾರಿ."

ಡಯಟ್ ಸರ್ ತನ್ನ ಬೆರಳಿನಿಂದಲೇ ಪಂಪ್ ನಿಲ್ಲಿಸಿದ. ಇನ್ನು ಕಾಯುವುದೇನಿದೆ? ಈ ಊರಲ್ಲಿ ತಾನಾಗಿ ಪಂಪ್ ಚಾಲೂ ಮಾಡಿದವರು ಹುಟ್ಟೇ ಇಲ್ಲ. ನಿಶ್ಚಿಂತೆಯಿಂದ ಪಕ್ಕದ ಕೋಣೆಗೆ ಹೋಗಿ, ಕೈ ತೊಳೆದು, ಬುತ್ತಿ ಬಿಚ್ಚಿ, ನಿಧಾನವಾಗಿ ಉಂಡ.

ಬಾಯಿ ಒರೆಸಿಕೊಂಡು ಮರಳಿದರೆ ಗರ್ ಗರ್ ಸದ್ದು. ಚೀಲ ಪೂರ್ತಿ ಚಪ್ಪಟೆ. ಸಂಜೆಯ ಭೇಟಿಗೆ ಬಂದಿದ್ದ ದರ್ಜಿಯ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು.

"ಎಲ್ಲಿ ಹೋಗಿದ್ಯಪ್ಪಾ? ಯಾರೋ ಪಾಪಿಗಳು ನಿಲ್ಸಿಬಿಟ್ಟಿದ್ರು," ಎಂದಳು ಹೆಮ್ಮೆಯಿಂದ. "ನೀನು ಹೇಳಿಕೊಟ್ಟಿದ್ಯಲ್ಲ, ಆಗ್ಲೇ ಒತ್ತಿಬಿಟ್ಟೆ!"