ಹದಿನಾಲ್ಕನೇ ರೀಲಿನ ಮುಳುಗಡೆ ಸಂತ್ರಸ್ತೆ

ಸಿನಿಮಾದೊಳಗೆ ನೀರಿನಲ್ಲಿ ಮುಳುಗುವ ನಾಯಕಿಯನ್ನು ಮುಳುಗಡೆ ಸಂತ್ರಸ್ತೆ ಎಂದು ಪರಿಗಣಿಸತಕ್ಕದ್ದೋ ಅಲ್ಲವೋ ಎಂಬ ಬಗ್ಗೆ ಹೋದ ವರ್ಷದ ತನಕ ಯಾವ ಕಚೇರಿಯಲ್ಲೂ ಸ್ಪಷ್ಟ ಸುತ್ತೋಲೆ ಇರಲಿಲ್ಲ. ಈಗ ಇದೆ. ಅದಕ್ಕೆ ಕಾರಣನಾದವನು ಬೀಳಗಿ ಕಡೆಯ ತಲಾಟಿ, ಅಂದರೆ ಗ್ರಾಮಲೆಕ್ಕಿಗ, ಚನಮಲ್ಲಪ್ಪ.

ಚನಮಲ್ಲಪ್ಪನಿಗೆ ನಲವತ್ತೊಂದು, ಲಗ್ನವಾಗಿರಲಿಲ್ಲ. ಕನ್ಯಾ ನೋಡಲು ಹೋದಲ್ಲೆಲ್ಲ ನಿಮ್ಮೂರು ಯಾವುದೆಂದು ಕೇಳುತ್ತಿದ್ದರು. ಇವನು ಇದ್ದದ್ದನ್ನು ಇದ್ದ ಹಾಗೆ, ಹಿನ್ನೀರಿನಾಗ ಐತ್ರಿ ಎನ್ನುತ್ತಿದ್ದ. ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಸಂಬಂಧ ಮುಗಿದಿರುತ್ತಿತ್ತು. ಇಪ್ಪತ್ತು ವರ್ಷ ಅವನು ಮಾಡಿದ ನೌಕರಿಯೂ ನೀರಿನದೇ: ಎಲ್ಲಿಯ ತನಕ ಬಂತು, ಯಾರ ಮನೆ ಹೋಯಿತು, ಪಂಚನಾಮೆ ಬರೆ, ಮೊಹರು ಹೊಡೆ.

ಅಂಥವನನ್ನು ಜಮಖಂಡಿಯ ಒಂದು ಮುಚ್ಚಿದ ಟಾಕೀಜಿಗೆ ಸ್ಥಳಪರಿಶೀಲನೆಗೆ ಕಳಿಸಿದರು. ಅಲ್ಲಿ ಕೇಬಲ್ ಚಾನೆಲ್ಲಿನ ಮಾಲಕ ಶೀತಲ್ ಒಂದು ಯಂತ್ರ ತಂದು ಕೂಡಿಸಿದ್ದ. ತಲೆಗೆ ಅದರ ಟೊಪ್ಪಿಗೆ ಹಾಕಿಕೊಂಡು ಕುಂತರೆ ಸಾಕು, ಎಪ್ಪತ್ತು ವರ್ಷ ಹಳೆಯ ಕಪ್ಪು-ಬಿಳುಪು ಚಿತ್ರದೊಳಗೆ ಹೋಗಿ ನಾಯಕಿಯ ಸಂಗಡ ಓಡಾಡಿ ಬರಬಹುದು. ಓಡಾಡಿದ್ದು ಭಾನುವಾರ ಟೀವಿಯಲ್ಲಿ ಎಪಿಸೋಡಾಗಿ ಬರುತ್ತದೆ. ತೊಡೆಯ ಮೇಲೆ ಏನೇ ಇಟ್ಟುಕೊಂಡು ಕುಂತರೂ ಅದೂ ಸಂಗಡ ಹೋಗುತ್ತದೆ, ಹೋದದ್ದನ್ನು ಯಂತ್ರ ಆ ಲೋಕದ್ದೇ ಎಂದು ನಂಬುತ್ತದೆ. ಜನ ಹೋಗಿ ಬರುವ ಜಾಗ ಎಂದಮೇಲೆ ತಲಾಟಿಯ ವರದಿ ಬೇಕೇ ಬೇಕು. ವರದಿ ಇಲ್ಲದೆ ಸ್ವರ್ಗದ ಬಾಗಿಲಿಗೂ ನಮ್ಮಲ್ಲಿ ಪರವಾನಗಿ ಸಿಗುವುದಿಲ್ಲ.

ಒಳಗೆ ಹೊಳೆದಂಡೆಯಲ್ಲಿ ಕೊಡ ಹಿಡಿದು ನಿಂತಿದ್ದ ನಾಯಕಿ ಗಂಗಾಂಬಿಕಾ, ಆರ್ಯ, ತಾವಾರು ಎಂದು ತನ್ನ ಡೈಲಾಗು ಶುರುಮಾಡಿದಳು. ಟೊಪ್ಪಿಗೆ ಹಾಕಿ ಬಂದ ಗಂಡಸರೆಲ್ಲ ಆಕೆಗೆ ಪ್ರೀತಿ ಪ್ರೇಮವೆಂದೇ ಕೊರೆದಿದ್ದರು. ಚನಮಲ್ಲಪ್ಪನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಪಂಚನಾಮೆಗೆ ಹೋದ ಮನೆಗಳಲ್ಲಿ ಕೇಳುವುದನ್ನೇ ಕೇಳಿದ.

“ಊಟ ಆತೇನ್ರಿ?”

ಗಂಗಾಂಬಿಕಾ ಕೊಡ ಕೆಳಗಿಟ್ಟಳು. ಇದಕ್ಕೆ ಉತ್ತರ ಯಾರೂ ಬರೆದುಕೊಟ್ಟಿರಲಿಲ್ಲ. ತಾನೇ ಯೋಚಿಸಿ, ಇಲ್ಲ ಎಂದಳು. ಖರೆ ಹೇಳಬೇಕೆಂದರೆ ಎಪ್ಪತ್ತು ವರ್ಷದಿಂದ ಆಗಿರಲಿಲ್ಲ. ಹದಿನಾಲ್ಕು ರೀಲಿನ ಆ ಚಿತ್ರದಲ್ಲಿ ಎಂಟು ಹಾಡುಗಳಿದ್ದವು, ಊಟದ ಸೀನು ಒಂದೂ ಇರಲಿಲ್ಲ.

ಮರುದಿನ ಚನಮಲ್ಲಪ್ಪ ಹೆಚ್ಚುವರಿ ಪರಿಶೀಲನೆಗೆಂದು ತೊಡೆಯ ಮೇಲೆ ರೊಟ್ಟಿಗಂಟು ಇಟ್ಟುಕೊಂಡು ಕುಂತ. ಒಳಗೆ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ, ಕಪ್ಪಗೆ ಕಂಡಿತು; ಹೊರಗ ಇದು ಕೆಂಪಗ ಇರತೈತ್ರಿ ಎಂದ. ಕೆಂಪೆಂದರೆ ಹೇಗಿರುತ್ತದೆ ಎಂದು ಆಕೆ ಕೇಳಿದಳು. ತಿಂದ ಮ್ಯಾಲ ತಿಳೀತೈತ್ರಿ ಎಂದ. ತಿಂದಳು, ಕಣ್ಣಲ್ಲಿ ನೀರು ಬಂತು, ತಿಳಿಯಿತು ಎಂದಳು. ನಾಲ್ಕನೇ ಪರಿಶೀಲನೆಯ ಹೊತ್ತಿಗೆ ಆಕೆಯ ಬಾಯಲ್ಲಿ ‘ಆರ್ಯ’ ಹೋಗಿ ‘ರೀ’ ಬಂದಿತ್ತು. ಸ್ಥಳಪರಿಶೀಲನೆ ಇನ್ನೂ ಪೂರ್ಣಗೊಂಡಿಲ್ಲವೆಂದು ಚನಮಲ್ಲಪ್ಪ ವರದಿ ಕಳಿಸಿದ.

ಇಷ್ಟರಲ್ಲಿ ಅವನು ಯಂತ್ರದಲ್ಲಿ ಭಾನುವಾರ ಓಡಲಿದ್ದ ಹದಿನಾಲ್ಕನೇ ರೀಲನ್ನು ಮೊದಲೇ ಪರದೆಯ ಮೇಲೆ ಹಾಕಿಸಿ ನೋಡಿದ. ಅದರಲ್ಲಿ ಹೊಳೆಗೆ ನೆರೆ ಬಂದು ಗಂಗಾಂಬಿಕಾ ಮನೆಸಮೇತ ಮುಳುಗಿ ಸಾಯುತ್ತಾಳೆ, ನಾಯಕ ಕುದುರೆ ಏರಿ ತಡವಾಗಿ ಬಂದು ಅಳುತ್ತಾನೆ. ಸಾವಿರಾರು ಮನೆ ಮುಳುಗಿದ್ದನ್ನು ಲೇಖಣಿ ಅಲುಗದೆ ಬರೆದ ಚನಮಲ್ಲಪ್ಪ, ಟಾಕೀಜಿನ ಮೆಟ್ಟಿಲ ಮೇಲೆ ಕುಂತು ಗೊಳೋ ಎಂದು ಅತ್ತ. ಮುಳುಗಿದ ಮರುದಿನ ರೀಲು ಮೊದಲಿಂದ ಸುತ್ತಿದರೆ ಬದುಕಿರುತ್ತಾಳೆ ಎಂಬುದು ಸರಿ. ಆದರೆ ಮೊದಲಿಂದ ಸುತ್ತಿದರೆ ಆಕೆಗೆ ರೊಟ್ಟಿಯೂ ನೆನಪಿರುವುದಿಲ್ಲ, ತಲಾಟಿಯೂ ನೆನಪಿರುವುದಿಲ್ಲ.

ಬರುವ ಭಾನುವಾರ ಆ ರೀಲು ಓಡಿಸಬೇಡಿರಿ ಎಂದು ಶೀತಲನ ಕೈ ಹಿಡಿದ. ಶೀತಲ್ ಒಳ್ಳೆಯ ಮನುಷ್ಯ, ತುಂಬ ಮರುಗಿದ. ಆದರೆ ಸಾಬೂನಿನ ಜಾಹೀರಾತು ಬರುವುದೇ ಆಕೆ ಮುಳುಗುವಾಗ, ಬೇರೆ ಕಡೆ ಹಾಕಿದರೆ ನೊರೆ ಚೆನ್ನಾಗಿ ಕಾಣುವುದಿಲ್ಲ ಎಂದ.

ಚನಮಲ್ಲಪ್ಪನಿಗೆ ಗೊತ್ತಿದ್ದ ದೇವರು ಒಂದೇ, ಕಡತ. ಸದರಿ ಗಂಗಾಂಬಿಕಾ ಇವರು ಮುಳುಗಡೆ ಸಂತ್ರಸ್ತೆಯಾಗಿದ್ದು ನೀರು ಬರುವ ಮುನ್ನ ಪುನರ್ವಸತಿಗೆ ಅರ್ಹರು ಎಂದು ಪ್ರಸ್ತಾವನೆ ಬರೆದು ಪುನರ್ವಸತಿ ಅಧಿಕಾರಿ ಜ್ಞಾನೇಶ್ವರರ ಮುಂದಿಟ್ಟ. ಆಕೆ ಖರೆ ಇದ್ದಾಳೇನು ಎಂದು ಸಾಹೇಬರು ಕೇಳಲಿಲ್ಲ. ಹಾಗೆ ಕೇಳುತ್ತ ಹೋದರೆ ಅರ್ಧ ಫಲಾನುಭವಿಗಳ ಬಗ್ಗೆ ಕೇಳಬೇಕಾಗುತ್ತದೆ. ಮನೆ ಹೇಗಿದೆ ಎಂದಷ್ಟೇ ಕೇಳಿದರು. ಸೆಟ್ಟು ಸರ್, ಮುಂದಿನ ಗೋಡೆ ಒಂದೇ ಇದೆ ಎಂದು ಇವನು ಅಂಜುತ್ತ ಹೇಳಿದ. ನಾವು ಕಟ್ಟಿಸಿದ ಶಾಲೆಗೂ ಅಷ್ಟೇ ಇದೆ, ನಡೆಯುತ್ತದೆ ಎಂದರು.

ಸಾಹೇಬರ ಆಕ್ಷೇಪಣೆ ಇದ್ದದ್ದು ಬೇರೆ ಕಾಲಂನಲ್ಲಿ. ನಿವೇಶನ ಕುಟುಂಬಕ್ಕೆ, ಒಂಟಿ ಹೆಣ್ಣಿಗಲ್ಲ. ಗಂಡನ ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ. ಚನಮಲ್ಲಪ್ಪ ತಲೆ ತಗ್ಗಿಸಿ ತನ್ನ ಹೆಸರು ಬರೆದ. ಸ್ವಹಿತಾಸಕ್ತಿಯ ಪ್ರಕರಣವಾಗುತ್ತದಲ್ಲವೇ ಎಂದು ಸಾಹೇಬರು ಹುಬ್ಬೇರಿಸಿದರು. ಸ್ವಂತ ಜನರ ಹೆಸರು ಸೇರಿಸದೆ ಯಾವ ಯಾದಿ ಪೂರ್ಣವಾಗಿದೆ ಎಂದು ತಾವೇ ಸಮಾಧಾನಪಟ್ಟುಕೊಂಡು, ಲಗ್ನಕ್ಕೆ ಪುರಾವೆ ಮಾತ್ರ ಬೇಕು ಎಂದರು.

ಪುರಾವೆಗಾಗಿ ಸಾಹೇಬರು, ಶೀತಲ್, ಚನಮಲ್ಲಪ್ಪನ ಅವ್ವ ತಂಗೆವ್ವ ಎಲ್ಲರೂ ಟೊಪ್ಪಿಗೆ ಹಾಕಿಕೊಂಡು ಒಳಗೆ ಹೋದರು. ಕಾಗದ ಪತ್ರ ಏನು ಕೇಳುವುದು, ಗಂಡನ ಹೆಸರು ಸೇರಿಸಿ ಒಡಪಿನ ಪದ್ಯ ಕಟ್ಟಿ ಹೇಳಲಿ, ಬಾಯಿಗೆ ಬಂದರೆ ಗಂಡ, ಇಲ್ಲದಿದ್ದರೆ ಇಲ್ಲ ಎಂದು ತಂಗೆವ್ವ ತೀರ್ಪು ಕೊಟ್ಟಳು. ಬರೆದುಕೊಟ್ಟ ಡೈಲಾಗಿನಲ್ಲಿ ಒಡಪು ಎಲ್ಲಿಂದ ಬರಬೇಕು? ಗಂಗಾಂಬಿಕಾ ಸೆರಗು ಹೊದ್ದು ನಿಂತು, ನೆಲ ನೋಡುತ್ತ ಹೇಳಿದಳು:

“ಬಿಳಿ ಜ್ವಾಳದ ರೊಟ್ಟಿ ಮ್ಯಾಲ ಒಂದು ಮಿಳ್ಳಿ ತುಪ್ಪ, ಊಟ ಆತೇನು ಅಂತ ಕೇಳಿದವ್ರು ನಮ್ಮ ಚನಮಲ್ಲಪ್ಪ.”

ತಂಗೆವ್ವ ಲಟಿಕೆ ಮುರಿದಳು. ಸಾಹೇಬರು ತೊಡೆಯ ಮೇಲಿಟ್ಟು ತಂದಿದ್ದ ಕಡತಕ್ಕೆ ಸ್ಥಳದಲ್ಲೇ ಸಹಿ ಹಾಕಿ, ಆಕೆಯ ಮನೆಯ ಒಂದೇ ಗೋಡೆಗೆ ನೋಟೀಸು ಅಂಟಿಸಿದರು: ‘ಸಂತ್ರಸ್ತೆಯ ಪುನರ್ವಸತಿ ಪೂರ್ಣಗೊಳ್ಳುವವರೆಗೆ ಸದರಿ ಹೊಳೆಯು ಏರತಕ್ಕದ್ದಲ್ಲ. ಏರಿದಲ್ಲಿ ಹೊಳೆಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.’

ಯಂತ್ರ ಅದನ್ನೂ ನಂಬಿತು. ಆ ಭಾನುವಾರ ನೆರೆ ನೋಟೀಸಿನ ತನಕ ಬಂದು ನಿಂತುಬಿಟ್ಟಿತು. ಕುದುರೆ ಏರಿ ಬಂದ ನಾಯಕನಿಗೆ ಅಳಲು ಏನೂ ಸಿಗಲಿಲ್ಲ. ಆಕೆ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಶೀತಲ್ ಸಾಬೂನು ತೆಗೆದು ಚಹಾಪುಡಿಯ ಜಾಹೀರಾತು ಹಾಕಿದ. ಅಲ್ಲಿಂದ ರೀಲು ಹಿಂದಕ್ಕೆ ಸುತ್ತಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕಡತ ಇತ್ಯರ್ಥವಾಗುವ ತನಕ ಹಾಗೆಯೇ ಇಡುವುದು ನಿಯಮ.

ಆಗ ಈ ಕಚೇರಿಯ ಇತಿಹಾಸದಲ್ಲೇ ನಡೆಯದ ಅನಾಹುತ ನಡೆಯಿತು: ನಿವೇಶನ ಬೇಗ ಮಂಜೂರಾಗುವ ಲಕ್ಷಣ ಕಂಡಿತು. ಮಂಜೂರಾದರೆ ಪುನರ್ವಸತಿ ಪೂರ್ಣ, ಪೂರ್ಣವಾದರೆ ಹೊಳೆ ಏರಲು ಅಡ್ಡಿಯಿಲ್ಲ. ಇಪ್ಪತ್ತು ವರ್ಷ ಜನರ ಕಡತ ಮುಂದೆ ದಬ್ಬಿದ ಚನಮಲ್ಲಪ್ಪ, ಹೆಂಡತಿಯ ಕಡತಕ್ಕೆ ತಾನೇ ಆಕ್ಷೇಪಣೆ ಬರೆದ: ಅರ್ಜಿದಾರಳ ಮೈಬಣ್ಣದ ಕಾಲಂನಲ್ಲಿ ಕಪ್ಪು ಬರೆಯುವುದೋ, ಬಿಳುಪು ಬರೆಯುವುದೋ? ಸಾಹೇಬರು ಮೇಲಿನವರನ್ನು ಕೇಳಿದರು, ಮೇಲಿನವರು ಸಿನಿಮಾದಲ್ಲಿ ಮುಳುಗುವವಳೂ ಸಂತ್ರಸ್ತೆಯೇ ಎಂದು ಸುತ್ತೋಲೆ ಹೊರಡಿಸಿ, ಬಣ್ಣದ ಬಗ್ಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸಿದರು. ಅದರ ಮೇಲೆ ಇವನು ಇನ್ನೊಂದು ಪ್ರಶ್ನೆ ಬರೆದ. ಈಗ ಎರಡು ಸಂಪುಟವಾಗಿದೆ. ಇಷ್ಟು ಚೊಕ್ಕಾಗಿ ಕಡತ ನಿಲ್ಲಿಸುವವರು ಅಪರೂಪವೆಂದು ಅವನಿಗೆ ಬಡ್ತಿಯೂ ಸಿಕ್ಕಿತು.

ಅವನು ದಿನಾ ರೊಟ್ಟಿಗಂಟು ಹಿಡಿದು ಟಾಕೀಜಿಗೆ ಹೋಗುತ್ತಾನೆ. ಮೊನ್ನೆ ತಂಗೆವ್ವನನ್ನು ಓಣಿಯ ಹೆಂಗಸರು ನಿಮ್ಮ ಸೊಸಿ ಎಲ್ಲಿ ಕಾಣವಲ್ಲಳಲ್ಲ ಎಂದು ಕೇಳಿದರು. ತಂಗೆವ್ವ ಅಕ್ಕಿ ಆರಿಸುತ್ತ ಹೇಳಿದಳು.

“ಹೊಳ್ಯಾಗ ಹೋಗಾಕಿದ್ದಳ್ರವಾ. ಈಗ ಫೈಲಿನ್ಯಾಗ ಅದಾಳ.”

ಹಾಗಾದರೆ ಏನೂ ಭಯವಿಲ್ಲ, ನೂರು ವರ್ಷ ಬಾಳುತ್ತಾಳೆ ಎಂದು ಹೆಂಗಸರು ಸಮಾಧಾನದಿಂದ ತಮ್ಮ ತಮ್ಮ ಮನೆಗೆ ಹೋದರು.