ವಿಕಿರಣ ಬ್ಯಾಡ್ಜಿನ ಪಾಲು ಯಾರಿಗೆ ಸಲ್ಲತಕ್ಕದ್ದು

ಹಳೆಯ ಯುರೇನಿಯಂ ಗಣಿಯ ತ್ಯಾಜ್ಯದಿಬ್ಬಗಳ ಉಸ್ತುವಾರಿ ಕಚೇರಿ
ಸಾರಿ-ಜಾರ್ ಕಣಿವೆ
ಸಂಖ್ಯೆ: ತ್ಯಾದಿ/ಬ್ಯಾ/ಎದೆ/17

ವಿಷಯ: ಮೈಗೆ ತಗಲುವ ವಿಕಿರಣವನ್ನು ಅಳೆಯುವ ಬ್ಯಾಡ್ಜುಗಳನ್ನು ಯಾವ ನೌಕರರಿಗೆ ಕೊಡಬೇಕೆಂಬ ಬಗ್ಗೆ.

ಉಲ್ಲೇಖ: ಒಗೆತದ ಕೋಣೆಯ ಬುರುಲ್ಚಾ ಅವರು ತಮಗೂ ಒಂದು ಬ್ಯಾಡ್ಜು ಬೇಕೆಂದು ಬಾಗಿಲಲ್ಲೇ ನಿಂತು ಸಲ್ಲಿಸಿದ ಬಾಯಿಮಾತಿನ ಮನವಿ.

ಬಂದಿರುವ ಬ್ಯಾಡ್ಜುಗಳು ಕಡಿಮೆ, ಎದೆಗಳು ಹೆಚ್ಚು ಇರುವುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಔತಣದಲ್ಲಿ ಹಿರಿತನ ನೋಡಿ ಇಂಥವರಿಗೆ ಇಂಥ ಮೂಳೆಯೆಂದು ಕುರಿಯ ಮಾಂಸ ಹಂಚುವ ಕ್ರಮವನ್ನೇ ಇಲ್ಲಿಯೂ ಪಾಲಿಸತಕ್ಕದ್ದು. ಬಾಗಿಲಿಗೆ ಅತಿ ದೂರದ ಗೌರವದ ಜಾಗದಲ್ಲಿ ಕೂರುವವರಿಗೆ ಮೊದಲ ಬ್ಯಾಡ್ಜು. ಬಾಗಿಲ ಬಳಿ ಕೂತು ಚಹಾ ಬಗ್ಗಿಸುವವರಿಗೆ, ಉಳಿದರೆ. ಉಳಿದಿಲ್ಲ.

2. ನಿವೃತ್ತರಾದ ಶೆರಾಲಿ ಅಜ್ಜನವರು ದಿಬ್ಬದ ಕಡೆ ಸುಳಿಯದಿದ್ದರೂ, ಅವರನ್ನು ಬಿಟ್ಟು ಈ ಕಣಿವೆಯಲ್ಲಿ ಯಾರೂ ಏನನ್ನೂ ಹಂಚಿದ್ದಿಲ್ಲವಾದ್ದರಿಂದ ಅವರಿಗೂ ಒಂದು ಕೊಡಲಾಗಿದೆ.

3. ಬ್ಯಾಡ್ಜನ್ನು ಹಳೆಯ ಪದಕಗಳ ಕೆಳಗೆ ಧರಿಸುವುದು. ಮದುವೆಗೆ ಧರಿಸಬಹುದು. ಸಾವಿನ ಮನೆಯಲ್ಲಿ ಮಗುಚಿ ಹಾಕಿಕೊಳ್ಳುವುದು.

4. ಬುರುಲ್ಚಾ ಅವರ ವಾದ: "ಅಣ್ಣಾ, ದಿಬ್ಬದ ಧೂಳೆಲ್ಲಾ ಬಟ್ಟೆ ಜೊತೆ ನನ್ನ ಹತ್ರಾನೇ ತಾನೇ ಬರೋದು? ಬಸುರಿ ಸೊಸೆ ನಾಳೆ ಇದೇ ಕೆಲಸಕ್ಕೆ ಬರ್ತಾಳೆ. ಕರ್ಕೊಂಡು ಬರ್ಲೋ ಬೇಡ್ವೋ, ಅಷ್ಟು ತಿಳಿದ್ರೆ ಸಾಕು." ಮೇಲಧಿಕಾರಿಗಳ ಉತ್ತರ: "ನೀನ್ಯಾವತ್ತು ದಿಬ್ಬ ಹತ್ತಿದ್ದೀಯಮ್ಮಾ? ಹಿರಿಯರ ಪಾಲಿನ ಮೂಳೆಗೆ ಕೈ ಹಾಕ್ತಾರಾ?" ಆಕೆ: "ಆ ಮೂಳೆ ನೀವೇ ಕಡೀರಿ. ನಾನು ಕೇಳ್ತಿರೋದು ನನ್ನ ಮೂಳೆ ವಿಚಾರ." ಮನವಿ ತಿರಸ್ಕೃತ.

5. ಮೇಲಧಿಕಾರಿಗಳು ಒಗೆಯಲು ಕೊಟ್ಟ ಕೋಟು ಬ್ಯಾಡ್ಜಿನ ಸಮೇತ ಚಳಿಗಾಲವಿಡೀ ಒಗೆತದ ಕೋಣೆಯ ಗೂಟದಲ್ಲೇ ಮರೆತುಹೋಗಿತ್ತು. ವಿಕಿರಣ ತಗಲಿದಷ್ಟೂ ಬ್ಯಾಡ್ಜು ಕಪ್ಪಾಗುತ್ತದೆ; ಪರೀಕ್ಷೆಯಲ್ಲಿ ಎಲ್ಲರದಕ್ಕಿಂತ ಕಪ್ಪಾಗಿದ್ದದ್ದು ಅದೇ. ಮೇಲಧಿಕಾರಿಗಳು ಅಪಾಯಕ್ಕೆ ಎದೆಯೊಡ್ಡಿ ದುಡಿದದ್ದು ಇದರಿಂದ ಸಾಬೀತಾಗಿದ್ದು, ಅವರನ್ನು ಕುದುರೆ ಹಾಲಿನ ಪಥ್ಯಕ್ಕಾಗಿ ಸರೋವರದ ಆರೋಗ್ಯಧಾಮಕ್ಕೆ ಕಳುಹಿಸತಕ್ಕದ್ದು.

6. ಸದರಿ ಕೋಣೆಯು ಕೋಟಿನ ವಾಸಕ್ಕೆ ಯೋಗ್ಯವಲ್ಲವೆಂದು ಕಂಡುಬಂದಿದೆ. ಬುರುಲ್ಚಾ ಅವರು ಕೋಟನ್ನು ಕೂಡಲೇ ಒಳ್ಳೆಯ ಗಾಳಿಗೆ ಸಾಗಿಸಿ, ಮರಳಿ ಅದೇ ಕೋಣೆಯಲ್ಲಿ ಕೆಲಸ ಮುಂದುವರಿಸತಕ್ಕದ್ದೆಂದು ಈಗಾಗಲೇ ಬಾಯಿಮಾತಿನಲ್ಲಿ ತಿಳಿಸಲಾಗಿದೆ. ಆಕೆಗೆ ಬ್ಯಾಡ್ಜು ಇಲ್ಲ. ಆದ್ದರಿಂದ ವಿಕಿರಣವೂ ತಗಲಿಲ್ಲ.

7. ಕೋಟನ್ನು ಹೊರಗೆ ನೇತುಹಾಕಿದ ಬುರುಲ್ಚಾ ಅವರು "ಕೋಟಿಗೇ ಆಗದ ಜಾಗ ಬಸುರಿಗೆ ಆಗತ್ತಾ?" ಎಂದಷ್ಟೇ ಹೇಳಿ, ಸೊಸೆಯನ್ನು ಕರೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಟುಹೋಗಿದ್ದಾರೆ. ಕಾರಣ ತಿಳಿದುಬಂದಿಲ್ಲ.

8. ಒಗೆಯಲು ಯಾರೂ ಇಲ್ಲದಿರುವುದರಿಂದ ದಿಬ್ಬದ ಬಟ್ಟೆಗಳನ್ನೆಲ್ಲ ಮುಂದಿನ ಆದೇಶದವರೆಗೆ ಕಚೇರಿಯೊಳಗೆ, ಬಾಗಿಲಿಗೆ ಅತಿ ದೂರದ ಗೌರವದ ಜಾಗದಲ್ಲಿ ರಾಶಿ ಹಾಕತಕ್ಕದ್ದು.

(ಸಹಿ)
ಕಾಲ್ಮುರ್ಜಾ, ಮೇಲಧಿಕಾರಿ
ಮೊಕ್ಕಾಂ: ಆರೋಗ್ಯಧಾಮ

ಪ್ರತಿಗಳು:
ಶೆರಾಲಿ ಅಜ್ಜನವರಿಗೆ, ಮೊದಲು.
ಕುದುರೆ ಹಾಲು ಪೂರೈಸುವವರಿಗೆ, ತುರ್ತು.
ಕೋಟಿಗೆ, ಹೊಸ ವಿಳಾಸಕ್ಕೆ.
ಬುರುಲ್ಚಾ ಅವರಿಗೆ, ಮೇಲಕ್ಕೆ ಹೋಗುವ ಕುರಿಗಾಹಿಗಳ ಕೈಯಲ್ಲಿ. ಅಲ್ಲಿ ಗಾಳಿ ಹೇಗಿದೆಯೆಂದು ವರದಿ ಮಾಡುವುದು.